ಎಲ್ಲಾ ಒಂದೇ ಅಲ್ಲ ಕಣ್ರೀ, ನಮ್ಮಜ್ಜಿ ದನಿ ಹೋಯ್ತು

ಮೂರು ವಾರದಿಂದ ಒಂದೇ ಮಾತು ಕೇಳಿ ಕೇಳಿ ತಲೆ ಕೆಟ್ಟೋಗಿದೆ. "ಎರಡೂ ಒಂದೇ ಅಲ್ವಾ ಮಾರಾಯ." ಅಜ್ಜಿ ಹಾಡಿನ ಮೂಲ ರೆಕಾರ್ಡಿಂಗೂ ಅದನ್ನ ಕುಗ್ಗಿಸಿದ ಎಂಪಿ3ನೂ ಒಂದೇ ಅಂತೆ, ಆ ಹಾಡನ್ನ ಯಾವ ಫಾಂಟಲ್ಲಿ ಟೈಪ್ ಮಾಡಿದ್ರೂ ಒಂದೇ ಅಂತೆ. ಭಾವ ಹೇಳಿದ್ರು, ಲ್ಯಾಪ್‌ಟಾಪ್ ರಿಪೇರಿ ಅಂಗಡಿಯವ್ರು ಹೇಳಿದ್ರು, ಕಾಲೇಜಲ್ಲಿ ಹೇಳಿದ್ರು, ಪ್ರೆಸ್ಸಿನವ್ರೂ ಹೇಳಿದ್ರು. ಒಂದೇ ಅಲ್ಲ ರೀ. ಒಂದೇ ಆಗಿದ್ರೆ ನಾನು ಇವತ್ತು ರಾತ್ರಿ ನಿದ್ದೆ ಬಿಟ್ಟು ಇದನ್ನ ಟೈಪ್ ಮಾಡ್ತಾ ಕೂರ್ತಿರ್ಲಿಲ್ಲ.

ಮೊದ್ಲಿಂದ ಹೇಳ್ತೀನಿ. ನಮ್ಮೂರು ಸೋಮವಾರಪೇಟೆಯಿಂದ ಮೇಲೆ, ಶಾಂತಳ್ಳಿ ಕಡೆ. 1998ರಲ್ಲಿ ಅತ್ತೆ ಮದುವೆ, ಚಪ್ಪರದಲ್ಲಿ ಅಜ್ಜಿ ಸೋಬಾನೆ ಹಾಡಿದ್ರು, ಯಾರೋ ನೆಂಟರು ಟೇಪ್ ರೆಕಾರ್ಡರ್ ತಂದಿದ್ರಂತೆ, ಕುರ್ಚಿ ಕೆಳಗೆ ಇಟ್ಟು ಬಟನ್ ಒತ್ತಿ ಬಿಟ್ಟಿದ್ದಾರೆ. ಅರವತ್ತು ನಿಮಿಷದ ಕ್ಯಾಸೆಟ್ಟು. ವಾದ್ಯ ಇಲ್ಲ, ಮೈಕಿಲ್ಲ, ಅಜ್ಜಿ ಒಂದು ಸಾಲು ಎತ್ತೋದು, ಉಳಿದ ಹೆಂಗಸ್ರು ಸೊಲ್ಲು ಹಿಡಿಯೋದು, ಮಧ್ಯೆ ಮಧ್ಯೆ ಬಳೆ ಸದ್ದು, ಯಾವುದೋ ಮಗು ಅಳೋದು, ಒಂದ್ಕಡೆ ಗುಡುಗು ಬಂದು ಎಲ್ಲರೂ ಒಂದು ಕ್ಷಣ ಸುಮ್ನಾಗಿ ಮತ್ತೆ ಅಜ್ಜಿ ಒಬ್ರೇ ಶುರು ಮಾಡೋದು. ಆ ಜಾಗ ನಂಗೆ ಬಾಯಿಪಾಠ. 2018ರ ಆಗಸ್ಟ್ ಮಳೇಲಿ ಮನೆ ಹಿಂದಿನ ಬರೆ ಜರಿದಾಗ ಅಜ್ಜಿ ಕೈಲಿ ಹಿಡ್ಕೊಂಡು ಹೊರಗೆ ಬಂದಿದ್ದು ಒಂದು ಟ್ರಂಕು, ಅದ್ರೊಳಗೆ ತೋಟದ ಪತ್ರ, ಎರಡು ರೇಷ್ಮೆ ಸೀರೆ, ಈ ಕ್ಯಾಸೆಟ್ಟು. ಅಷ್ಟೇ. 2021ರಲ್ಲಿ ಅಜ್ಜಿ ಹೋದ್ರು.

ನಮ್ಮ ಕಡೆ ಗಾಳೀಲಿ ನೀರೇ ಇರುತ್ತೆ, ಜೂನಿಂದ ಸೆಪ್ಟೆಂಬರ್ ತನಕ ಚಪ್ಪಲಿ ಬೂಷ್ಟು, ಬೆಲ್ಟು ಬೂಷ್ಟು, ಪುಸ್ತಕ ಬೂಷ್ಟು, ಕ್ಯಾಸೆಟ್ ಟೇಪ್ ಮೇಲೂ ಬಿಳಿ ಬಿಳಿ ಬಂದಿತ್ತು. ಅದಕ್ಕೆ ಪಿಯುಸಿ ಮುಗಿದ ರಜೇಲಿ ಇದನ್ನ ಕಂಪ್ಯೂಟರಿಗೆ ಹಾಕ್ಲೇಬೇಕು ಅಂತ ಕೂತೆ. ಹಳೇ ಟೇಪ್ ರೆಕಾರ್ಡರ್ ಹುಡುಕಿ ತಂದು, ಹೆಡ್ಡನ್ನ ಹತ್ತಿ, ಸ್ಪಿರಿಟ್ ಹಾಕಿ ಒರೆಸಿ, ಯುಎಸ್‌ಬಿ ಸೌಂಡ್ ಕಾರ್ಡಿಗೆ ವೈರ್ ಎಳೆದು, ಆಡಾಸಿಟಿ ಅನ್ನೋ ಸಾಫ್ಟ್‌ವೇರಲ್ಲಿ ರೆಕಾರ್ಡಿಗೆ ಇಟ್ಟು, ಕರೆಂಟ್ ಹೋಗದೇ ಇರ್ಲಿ ಅಂತ ದೇವ್ರಿಗೆ ಕೈ ಮುಗಿದು ಕೂತ್ಕೊಂಡಿದ್ದೆ. ಎರಡೂ ಸೈಡು ಬಂತು. ಇನ್ನೊಂದ್ಸಲ ಲೆವೆಲ್ ಸರಿ ಮಾಡಿ ತಗೊಳ್ಳೋಣ ಅಂತ ಹಾಕ್ದಾಗ ಟೇಪು ರೋಲರಿಗೆ ಸುತ್ಕೊಂಡು ಸುಕ್ಕಾಗಿ ತುಂಡಾಯ್ತು. ಅಂದ್ರೆ ಅವತ್ತಿಂದ ಅಜ್ಜಿ ದನಿ ಅಂದ್ರೆ ಕಂಪ್ಯೂಟರಲ್ಲಿ ಏನೂ ಕುಗ್ಗಿಸದೇ ಇಟ್ಟ ಆ ವೇವ್ ಫೈಲೇ, ಬೇರೆ ಎಲ್ಲೂ ಇಲ್ಲ. ಹದಿನಾರು ಬಿಟ್, 44.1 ಕಿಲೋಹರ್ಟ್ಸ್, ಅಂದ್ರೆ ಸಿಡಿಲಿ ಇರೋ ಅದೇ ಅಳತೆ, ಸೆಕೆಂಡಿಗೆ 1411 ಕಿಲೋಬಿಟ್. ಒಂದು ಗಂಟೆಗೆ ಹತ್ರತ್ರ 635 ಎಂಬಿ. ಒಂದು ಕಾಪಿ ಲ್ಯಾಪ್‌ಟಾಪಲ್ಲಿ, ಒಂದು ಕಾಪಿ ಪೆನ್‌ಡ್ರೈವಲ್ಲಿ. ಎರಡು ಕಡೆ ಇದೆ ಅಂತ ಧೈರ್ಯವಾಗಿದ್ದೆ.

ಮೊದಲು ಪೆನ್‌ಡ್ರೈವ್ ಕಥೆ. ಅಕ್ಕ ಭಾವ ಕುಶಾಲನಗರದಿಂದ ಬಂದಿದ್ರು, ಅಕ್ಕ ಅಜ್ಜಿ ಹಾಡು ಕಾರಲ್ಲಿ ಕೇಳ್ತೀನಿ ಅಂದ್ಲು, ಕೊಟ್ಟೆ. ಭಾವನಿಗೆ ಪೆನ್‌ಡ್ರೈವಲ್ಲಿ ಜಾಗ ಬೇಕಿತ್ತು, ಮೊಬೈಲಲ್ಲಿ ಯಾವುದೋ ಆಪ್ ಹಾಕಿ ಇಡೀ ಗಂಟೆಯ ಹಾಡನ್ನ 64 ಕೆಬಿಪಿಎಸ್, ಅಂದ್ರೆ ಸೆಕೆಂಡಿಗೆ ಬರೀ 64 ಕಿಲೋಬಿಟ್ ಎಂಪಿ3 ಮಾಡಿ, ಮೂಲ ಫೈಲು ಡಿಲೀಟ್ ಮಾಡಿ, ಉಳಿದ ಜಾಗದಲ್ಲಿ ಸಿನಿಮಾ ಹಾಡು ತುಂಬಿಸಿದ್ದಾರೆ. 635 ಎಂಬಿ ಇದ್ದಿದ್ದು 29 ಎಂಬಿ ಆಗಿದೆ. ಹೆಮ್ಮೆಯಿಂದ ಹೇಳ್ತಾರೆ, "ನೋಡು, ಎಷ್ಟು ಚಿಕ್ಕದು ಮಾಡ್ದೆ, ಹಾಡು ಅದೇ ಹಾಡು." ಉಳಿದ ಆರುನೂರು ಎಂಬಿ ಎಲ್ಲಿಗೆ ಹೋಯ್ತು ಭಾವ? ಗಾಳೀಲಿ ಆವಿ ಆಯ್ತಾ? ಅದು ನಮ್ಮಜ್ಜಿ ಅಲ್ವಾ?

ನಾನು ದೊಡ್ಡ ಆಡಿಯೋ ಪಂಡಿತ ಅಂತ ಹೇಳ್ಕೊತಾ ಇಲ್ಲ. 320 ಕೆಬಿಪಿಎಸ್ ಎಂಪಿ3 ಹಾಕಿ, ಪಕ್ಕದಲ್ಲಿ ಸಿಡಿ ಹಾಕಿ ಯಾವುದು ಯಾವುದು ಹೇಳು ಅಂದ್ರೆ ನನ್ನ ಇಯರ್‌ಫೋನಲ್ಲಿ ನಂಗೂ ಹೇಳೋಕಾಗಲ್ಲ. ಬಸ್ಸಲ್ಲಿ ಕೇಳೋಕೆ ಎಂಪಿ3 ಬೇಕಾದಷ್ಟಾಯ್ತು, ನಾನೂ ಅದರಲ್ಲೇ ಕೇಳೋದು. ಆದ್ರೆ ಎಂಪಿ3 ಕೆಲಸ ಮಾಡೋದು ಹೆಂಗೆ ಅಂದ್ರೆ ಕಿವಿಗೆ ಕೇಳಲ್ಲ ಅಂತ ಅದಕ್ಕೆ ಅನ್ಸಿದ್ದನ್ನ ಕಿತ್ತು ಬಿಸಾಕುತ್ತೆ, ಜೋರು ಸದ್ದಿನ ಪಕ್ಕ ಇರೋ ಸಣ್ಣ ಸದ್ದು ಮುಚ್ಚೋಗುತ್ತಲ್ಲ, ಅದು ಬೇಡ ಅಂತ ಲೆಕ್ಕ ಹಾಕುತ್ತೆ. 64ಕ್ಕೆ ಇಳಿಸಿದ್ರೆ ಲೆಕ್ಕ ಸಾಲಲ್ಲ, ಬೇಕಾಗಿದ್ದನ್ನೂ ಬಿಸಾಕುತ್ತೆ. ಮೊದ್ಲು ಸಾಯೋದೇ ಬಳೆ ಸದ್ದು, ಚಪ್ಪಾಳೆ, ಉಸಿರು. ಈಗ ಆ ಫೈಲ್ ಹಾಕಿದ್ರೆ ಬಳೆ ನೀರೊಳಗೆ ಅಲ್ಲಾಡಿಸ್ದಂಗೆ ಕೇಳುತ್ತೆ, ಗುಡುಗಿನ ನಂತರ ಅಜ್ಜಿ ಉಸಿರು ಎಳ್ಕೊಳೋದು ಕೇಳೋದೇ ಇಲ್ಲ. ಆ ಉಸಿರೇ ನಂಗೆ ಬೇಕಾಗಿದ್ದಿದ್ದು.

ಇನ್ನೂ ಹೊಟ್ಟೆ ಉರಿಯೋ ವಿಷ್ಯ ಅಂದ್ರೆ ಎಂಪಿ3 ಮಾಡಿದವ್ರಿಗೇ ಇದು ಗೊತ್ತಿತ್ತು. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಇದಕ್ಕೆ ದುಡಿದವ್ರಲ್ಲಿ ಕಾರ್ಲ್‌ಹೈಂಜ್ ಬ್ರಾಂಡನ್‌ಬುರ್ಗ್ ಅಂತ ಒಬ್ರು, ಅವ್ರು ಒಬ್ಬ ಹೆಣ್ಮಗಳು ವಾದ್ಯ ಇಲ್ದೆ ಒಬ್ಬಳೇ ಹಾಡಿದ ಹಾಡನ್ನ ಇಟ್ಕೊಂಡು ಪರೀಕ್ಷೆ ಮಾಡ್ತಿದ್ರಂತೆ, ಯಾಕಂದ್ರೆ ಮೊದಮೊದಲು ಆ ಬರಿಗಂಟಲಿನ ದನಿ ಇದರಲ್ಲಿ ಕೆಟ್ಟದಾಗಿ ಒಡೆದೋಗ್ತಿತ್ತು. ಅದನ್ನ ಸರಿ ಮಾಡೋಕೆ ಮತ್ತೆ ಮತ್ತೆ ಕೇಳಿ ಕೇಳಿ ತಿದ್ದಿದ್ದಾರೆ. ಎಲ್ಲೋ ಜರ್ಮನಿಲಿ ಕೂತವ್ರಿಗೆ ಒಂದು ಹೆಂಗಸಿನ ಬರಿ ದನಿ ಹಾಳಾಗಬಾರ್ದು ಅನ್ನೋ ಕಾಳಜಿ ಇತ್ತು, ನಮ್ಮ ಮನೆಯವ್ರಿಗೆ ಇರ್ಲಿಲ್ಲ.

ಜಾಗ ಕಮ್ಮಿ ಮಾಡ್ಬೇಕಿದ್ರೆ ಫ್ಲ್ಯಾಕ್ ಅನ್ನೋ ಇನ್ನೊಂದು ಥರದ ಆಡಿಯೋ ಫೈಲ್ ಇದೆಯಲ್ಲಪ್ಪ. 2001ರಿಂದ ಇದೆ, ಪುಕ್ಕಟೆ, ಯಾರ ಅಪ್ಪಣೆನೂ ಬೇಡ. ಅದು ಕಂಬಳಿ ಮಡಚಿ ಇಟ್ಟಂಗೆ, ಬಿಚ್ಚಿದ್ರೆ ಅದೇ ಕಂಬಳಿ, ಒಂದು ಎಳೆನೂ ಹೋಗಲ್ಲ. ಎಂಪಿ3 ಅಂದ್ರೆ ಕಂಬಳಿ ಕತ್ತರಿಸಿ ಚಿಕ್ಕದು ಮಾಡಿದಂಗೆ. ಇದನ್ನ ಹೇಳಿದ್ರೆ ಭಾವ ಏನಂದ್ರು ಗೊತ್ತಾ, "ಅಷ್ಟೇ ತಾನೇ, ಆ ಎಂಪಿ3ನ ವಾಪಸ್ ವೇವ್ ಮಾಡಿ ಕೊಡ್ತೀನಿ ಬಿಡು." ಹುರಿದು ಪುಡಿ ಮಾಡಿದ ಕಾಫಿನ ವಾಪಸ್ ಗಿಡದ ಹಣ್ಣು ಮಾಡ್ಕೊಡ್ತೀನಿ ಅಂದಂಗಾಯ್ತು! ಫೈಲ್ ಸೈಜು ಮತ್ತೆ 635 ಎಂಬಿ ಆಗುತ್ತೆ ಹೌದು, ಒಳಗೆ ಇರೋದು ಅದೇ 29 ಎಂಬಿ ದನಿ.

ಇನ್ನೊಂದು ಮಾತು ಅಂದ್ರು, "ಈಗೆಲ್ಲಾ ಆಪಲ್ಲೇ ಸಿಗುತ್ತೆ, ಫೈಲ್ ಯಾರು ಇಟ್ಕೊತಾರೆ." ಯಾವ ಆಪಲ್ಲಿ ಸಿಗುತ್ತೆ ನಮ್ಮಜ್ಜಿ? ಮತ್ತೆ ಆಪಿನ ಡೌನ್‌ಲೋಡ್ ನಂಬ್ಕೊಂಡು ಇರೋಕೆ ನಮ್ಮೂರಲ್ಲಿ ಆಗುತ್ತಾ? ತಿಂಗಳಿಗೊಂದ್ಸಲ ನೆಟ್ ಸಿಗ್ಲಿಲ್ಲ ಅಂದ್ರೆ ಡೌನ್‌ಲೋಡ್ ಮಾಡಿದ್ದನ್ನೇ ಬೀಗ ಹಾಕೋ ಆಪ್‌ಗಳಿವೆ. ಜುಲೈಲಿ ಲೈನ್ ಮೇಲೆ ಮರ ಬಿದ್ರೆ ನಾಕು ದಿನ ಕರೆಂಟಿಲ್ಲ, ಟವರೂ ಮಲಗುತ್ತೆ, ಫೋನ್ ಹಿಡ್ಕೊಂಡು ರಸ್ತೆ ಮೇಲಿನ ತಿರುವಿಗೆ ಛತ್ರಿ ಹಿಡ್ಕೊಂಡು ಹೋಗ್ಬೇಕು.

ಸರಿ, ಲ್ಯಾಪ್‌ಟಾಪಲ್ಲಿ ಇದೆಯಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ. ನನ್ನದು ಹಳೇ ಲ್ಯಾಪ್‌ಟಾಪು, ಅಪ್ಪ ಮೆಣಸು ಮಾರಿದ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ಕೊಡ್ಸಿದ್ದು, ಆರನೇ ಜನರೇಷನ್ ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್‌ಡಿಸ್ಕ್. ಆನ್ ಮಾಡಿ ಕಾಫಿ ಕುಡ್ದು ಬಂದ್ರೂ ಚಕ್ರ ತಿರುಗ್ತಿರ್ತಿತ್ತು. ಹಾರ್ಡ್‌ಡಿಸ್ಕ್ ಬದ್ಲು ಎಸ್‌ಎಸ್‌ಡಿ ಅನ್ನೋ ವೇಗದ ಡಿಸ್ಕ್ ಹಾಕಿದ್ರೆ ಸರಿ ಹೋಗುತ್ತೆ ಅಂತ ನಂಗೆ ಗೊತ್ತಿತ್ತು, ಪೇಟೇಲಿ ಅಂಗಡಿಗೆ ಕೊಟ್ಟೆ. ಕೊಡುವಾಗ ಎರಡು ಸಲ ಹೇಳಿದ್ದೀನಿ, ಅಣ್ಣ, ಡಿ ಡ್ರೈವಲ್ಲಿ ಮನೆ ರೆಕಾರ್ಡಿಂಗ್ ಇದೆ, ಅದು ಮುಟ್ಬೇಡಿ, ಹಳೇ ಡಿಸ್ಕ್ ನಂಗೆ ವಾಪಸ್ ಬೇಕು. ಆಯ್ತು ಆಯ್ತು ಅಂದ್ರು. ಮೂರು ದಿನ ಬಿಟ್ಟು ಹೋದ್ರೆ ಹೊಸ ಎಸ್‌ಎಸ್‌ಡಿ ಇದೆ, ಹಳೇ ಡಿಸ್ಕ್ ಇಲ್ಲ. ಫಾರ್ಮ್ಯಾಟ್ ಹೊಡ್ದು ಯಾರದ್ದೋ ಡೆಸ್ಕ್‌ಟಾಪಿಗೆ ಹಾಕಿ ಮಾರಾಯ್ತಂತೆ, ಬಿಲ್ಲಲ್ಲಿ ಇನ್ನೂರು ರೂಪಾಯಿ ಕಮ್ಮಿ ಮಾಡಿದ್ದಾರಂತೆ. "ಹಾಡು ತಾನೇ ತಮ್ಮ, ಮೊಬೈಲಲ್ಲಿ ಇರಲ್ವಾ, ಎಲ್ಲಾ ಒಂದೇ."

ಇನ್ನೂರು ರೂಪಾಯಿ. ಅಂಗಡಿ ಮೆಟ್ಲಲ್ಲೇ ಅಳು ಬಂತು, ಸುಳ್ಳು ಹೇಳಲ್ಲ.

ಅದ್ರ ಮೇಲೆ ಬುದ್ಧಿಮಾತು ಬೇರೆ, "ವಿಂಡೋಸ್ 10 ಮುಗೀತು, ಈ ಲ್ಯಾಪ್‌ಟಾಪ್ ವೇಸ್ಟು, ಹೊಸದು ತಗೋ." 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಸಪೋರ್ಟ್ ನಿಂತಿದ್ದು ನಿಜ, ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ ಬೇಕು, ಇಂಟೆಲ್ ಆದ್ರೆ ಹೆಚ್ಚು ಕಮ್ಮಿ ಎಂಟನೇ ಜನರೇಷನ್ ಮೇಲೆ ಬೇಕು ಅನ್ನೋದೂ ನಿಜ. ಆದ್ರೆ ಅದಕ್ಕೇ ಮಷೀನು ಸತ್ತೋಯ್ತು ಅಂತ ಯಾರು ಹೇಳಿದ್ದು? ಕುಶಾಲನಗರದಲ್ಲಿ ಫ್ರೆಂಡ್ ರೂಮಲ್ಲಿ ಕೂತು ವಿಂಡೋಸ್ ಬದ್ಲು ಹಾಕೋ ಪುಕ್ಕಟೆ ಲಿನಕ್ಸ್ ಮಿಂಟ್ 22 ಇಳಿಸ್ಕೊಂಡೆ, ಹತ್ರತ್ರ 3 ಜಿಬಿ, ಪೆನ್‌ಡ್ರೈವಿಗೆ ಬರೆದು ಮನೆಗೆ ತಂದು ನೆಟ್ಟೇ ಇಲ್ದೆ ಹಾಕ್ದೆ, ಎಕ್ಸ್‌ಎಫ್‌ಸಿಇ ಅನ್ನೋ ಹಗುರದ್ದು. ಅದೇ ವೇಸ್ಟು ಲ್ಯಾಪ್‌ಟಾಪು ಈಗ ಚೆನ್ನಾಗಿ ಓಡ್ತಿದೆ, 2029ರ ತನಕ ಅಪ್‌ಡೇಟ್ ಬರುತ್ತೆ. ಈ ಪೋಸ್ಟ್ ಟೈಪ್ ಮಾಡ್ತಿರೋದೂ ಅದರಲ್ಲೇ. ಎಲ್ಲರೂ ಲಿನಕ್ಸ್ ಹಾಕಿ ಅಂತ ನಾನು ಹೇಳ್ತಾ ಇಲ್ಲ, ಕೆಲವು ಸಾಫ್ಟ್‌ವೇರ್ ಅದ್ರಲ್ಲಿ ಓಡಲ್ಲ, ಪ್ರಿಂಟರ್ ಕೆಲವೊಂದ್ಸಲ ಹಠ ಹಿಡಿಯುತ್ತೆ. ಆದ್ರೆ ಬಡವರ ಮಕ್ಕಳ ಕೈಲಿರೋ ಮಷೀನನ್ನ ನೋಡಿದ ಕೂಡ್ಲೆ ವೇಸ್ಟ್ ಅನ್ನೋದು ಅನ್ಯಾಯ, ಅದೂ ಅದರ ಡಿಸ್ಕ್ ಮಾರ್ಕೊಂಡವ್ರು.

ಇಷ್ಟಾದ್ಮೇಲೆ ದನಿ ಹೋದ್ರೆ ಹೋಯ್ತು, ಪದನಾದ್ರೂ ಉಳೀಲಿ ಅಂತ ಆ ಹಾಳಾದ ಎಂಪಿ3 ಕೇಳಿ ಕೇಳಿ, ಅರ್ಥ ಆಗದ ಸಾಲು ಅತ್ತೆಗೆ ಫೋನ್ ಮಾಡಿ ಕೇಳಿ, ಸೋಬಾನೆ ಪೂರ್ತಿ ಟೈಪ್ ಮಾಡಿ ಕಾಲೇಜ್ ವಾರ್ಷಿಕ ಸಂಚಿಕೆಗೆ ಕೊಟ್ಟೆ. ಯಾವ ಮಷೀನಲ್ಲಾದ್ರೂ ಕನ್ನಡವಾಗೇ ಕಾಣೋ ಯೂನಿಕೋಡಲ್ಲಿ. ಅಲ್ಲೂ ಶುರು. ಪ್ರೆಸ್ಸಿನವ್ರಿಗೆ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಿನ ಹಳೇ ಫಾಂಟಲ್ಲೇ ಬೇಕಂತೆ. ನುಡಿ ಬಗ್ಗೆ ನಂಗೆ ಗೌರವ ಇದೆ, ಕಂಪ್ಯೂಟರಲ್ಲಿ ಕನ್ನಡ ಬರೆಯೋದೇ ಕಷ್ಟ ಇದ್ದ ಕಾಲದಲ್ಲಿ ಅದು ಎಷ್ಟು ಜನಕ್ಕೆ ದಾರಿ ಮಾಡ್ತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲೇ ನಾನು ಇವತ್ತಿಗೂ ಟೈಪ್ ಮಾಡೋದು, ಲಿನಕ್ಸಲ್ಲೂ ಅದು ಸಿಗುತ್ತೆ. ಈಗಿನ ನುಡಿಲಿ ಯೂನಿಕೋಡೂ ಬರುತ್ತೆ. ನನ್ನ ಜಗಳ ಆ ಹಳೇ ಫಾಂಟ್ ಫೈಲ್ ಬಗ್ಗೆ ಮಾತ್ರ. ಅದ್ರೊಳಗೆ ಇರೋದು ಕನ್ನಡ ಅಕ್ಷರನೇ ಅಲ್ಲ, ಇಂಗ್ಲಿಷ್ ಕಡೆಯ ಅಕ್ಷರಕ್ಕೆ ಕನ್ನಡದ ಚಿತ್ರ ಅಂಟಿಸಿರೋದು, ಆ ಫಾಂಟ್ ಇಲ್ದಿರೋ ಮಷೀನಲ್ಲಿ ತೆಗೆದ್ರೆ ಟೋಪಿ ಬಾಲ ಇರೋ ಹುಳ ಹುಪ್ಪಟೆ ಕಾಣುತ್ತೆ. ಹುಡುಕಿದ್ರೆ ಸಿಗಲ್ಲ. ಯೂನಿಕೋಡಲ್ಲಿ ಕನ್ನಡಕ್ಕೆ ಅದರದ್ದೇ ಜಾಗ 1991ರಿಂದ ಇದೆ, 2001ರ ವಿಂಡೋಸ್ ಎಕ್ಸ್‌ಪಿಲೇ ತುಂಗಾ ಅಂತ ಕನ್ನಡ ಫಾಂಟ್ ಬಂದಿತ್ತು. ನಾನು ಹುಟ್ಟೋಕೆ ಮುಂಚೆ!

ಕಾಲೇಜಲ್ಲಿ ಸರ್ ಹತ್ರ ಹೋಗಿ ಹೇಳ್ದೆ. ಒಳ್ಳೆಯವ್ರು, ಬೈಲಿಲ್ಲ, ಆದ್ರೆ "ಎರಡೂ ಕನ್ನಡನೇ ಅಲ್ವೇನಪ್ಪ, ಕನ್ವರ್ಟ್ ಮಾಡ್ಕೊತಾರೆ ಬಿಡು" ಅಂದ್ರು. ಮಾಡ್ಕೊಂಡ್ರು. ಸಂಚಿಕೆ ಕೈಗೆ ಬಂದಾಗ ನೋಡಿದ್ರೆ ಎಷ್ಟೋ ಕಡೆ ಒತ್ತಕ್ಷರ ಉದುರಿದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂತಿದೆ, ಒಂದು ಸೊಲ್ಲು ಪೂರ್ತಿ ಇಲ್ಲ. ಪ್ರೂಫ್ ತೋರ್ಸಿ ಅಂತ ಎರಡು ಸಲ ಕೇಳಿದ್ದೆ, ತೋರ್ಸಿಲ್ಲ. ಅಜ್ಜಿ ಶಾಲೆಗೆ ಹೋದವ್ರಲ್ಲ, ಒಂದಕ್ಷರ ಓದೋಕೆ ಬರ್ತಿರ್ಲಿಲ್ಲ, ಆದ್ರೆ ಗಂಟೆಗಟ್ಲೆ ಹಾಡಿದ್ರೂ ಒಂದಕ್ಷರ ತಪ್ತಿರ್ಲಿಲ್ಲ. ಅವ್ರ ಹಾಡು ಮೊದಲನೇ ಸಲ ಅಚ್ಚಾಗಿದ್ದು ಹಿಂಗೆ. ಅತ್ತೆಗೆ ತೋರ್ಸೋಕೆ ಮನಸ್ಸೇ ಬರ್ತಿಲ್ಲ, ಬೀರೂಲಿ ಬಟ್ಟೆ ಕೆಳಗೆ ಇಟ್ಟಿದ್ದೀನಿ.

ಈಗ ಒಂದೇ ಆಸೆ ಉಳ್ದಿರೋದು ಆ ಹಾರ್ಡ್‌ಡಿಸ್ಕು. ಕ್ವಿಕ್ ಫಾರ್ಮ್ಯಾಟ್ ಮಾಡಿದ್ರೆ ಹಳೇ ಹಾರ್ಡ್‌ಡಿಸ್ಕಲ್ಲಿ ಡೇಟಾ ಅಲ್ಲೇ ಇರುತ್ತೆ, ಅದರ ಮೇಲೆ ಬೇರೆ ಏನಾದ್ರೂ ಬರೆಯೋ ತನಕ. ಫೋಟೋರೆಕ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಹೆಸರು ಫೋಟೋ ಅಂತಿದ್ರೂ ವೇವ್ ಫೈಲೂ ಹುಡುಕುತ್ತೆ. ಅಂಗಡಿಯವ್ರು ಯಾರಿಗೆ ಮಾರಿದ್ದು ಅಂತ ಹೇಳ್ತಿಲ್ಲ, ನಾನು ಮೂರು ಸಲ ಹೋಗಿ ಬಂದೆ, ಸೋಮವಾರ ಅಪ್ಪನ್ನ ಕರ್ಕೊಂಡು ಮತ್ತೆ ಹೋಗ್ತೀನಿ.

ಸೋಮವಾರಪೇಟೆ, ಶನಿವಾರಸಂತೆ, ಕುಶಾಲನಗರ, ಮಡಿಕೇರಿ ಕಡೆ ಯಾರಾದ್ರೂ ಈ ಒಂದು ತಿಂಗಳಲ್ಲಿ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಗೊಂಡಿದ್ರೆ, ಅದ್ರಲ್ಲಿ ಲ್ಯಾಪ್‌ಟಾಪಿನ ಚಿಕ್ಕ 500 ಜಿಬಿ ಡಿಸ್ಕ್ ಇದ್ರೆ, ದಯವಿಟ್ಟು ಅದಕ್ಕೆ ಸಿನಿಮಾ ಗಿನಿಮಾ ತುಂಬಬೇಡಿ, ಆಗೋದಾದ್ರೆ ಆ ಮಷೀನು ಆನ್ ಮಾಡೋದೇ ಬೇಡ. ನಂಗೆ ಒಂದು ಮೆಸೇಜ್ ಹಾಕಿ. ಬದ್ಲಿಗೆ ಹೊಸ ಡಿಸ್ಕ್ ನಾನೇ ತಂದು ಹಾಕ್ಕೊಡ್ತೀನಿ, ದುಡ್ಡು ಹೊಂದಿಸಿದ್ದೀನಿ, ಮಳೆ ಇದ್ರೂ ಬರ್ತೀನಿ.