ಬೇಸಿನ್ನಿನ ಅಳತೆಯೆಂಬ ಒಗಟು

ಬಚ್ಚಲುಮನೆಯ ಕಲ್ಲಿನ ಕೌಂಟರಿನಲ್ಲಿ ಕಂಡಿ ಕೊರೆದು, ಮೇಲಿನಿಂದ ಇಳಿಸಿ ಕೂರಿಸಿದ್ದ ವಾಶ್ ಬೇಸಿನ್ ಬಿರುಕು ಬಿಟ್ಟಾಗ, ಅದೇ ಅಳತೆಯ ಇನ್ನೊಂದನ್ನು ತಂದರೆ ಮುಗಿಯಿತೆಂದು ನಾನು ನಂಬಿದ್ದೆ. ಅಳತೆ ಎಂದರೆ ಯಾವ ಅಳತೆ ಎಂಬ ಪ್ರಶ್ನೆಯಲ್ಲೇ ಎರಡು ವಾರ ಕಳೆದವು. ತಯಾರಕರು ದಪ್ಪಕ್ಷರದಲ್ಲಿ ಮುದ್ರಿಸುವುದು ಅಂಚಿನಿಂದ ಅಂಚಿಗಿರುವ ಹೊರ ಅಳತೆಯನ್ನು. ನನಗೆ ಬೇಕಾಗಿದ್ದುದು ಕಂಡಿಯ ಅಳತೆ, ಏಕೆಂದರೆ ಅಂಚು ಕಂಡಿಗಿಂತ ಅಗಲವಾಗಿದ್ದು ಸುತ್ತಲೂ ಕಲ್ಲಿನ ಮೇಲೆ ಕೂತರೆ ಮಾತ್ರ ಬೇಸಿನ್ನಿನ ಭಾರ ನಿಲ್ಲುತ್ತದೆ. ಕಂಡಿ ಚಿಕ್ಕದಾದರೆ ಮನೆಯೆಲ್ಲ ಧೂಳೆಬ್ಬಿಸಿಯಾದರೂ ಕೊರೆಯಬಹುದು, ದೊಡ್ಡದಾದರೆ ಕಲ್ಲನ್ನೇ ಬದಲಿಸಬೇಕು. ಆ ಅಳತೆಯನ್ನು ತೋರಿಸುವ ಕಾಗದದ ಪಡಿಯಚ್ಚು ಇದ್ದದ್ದು ಪೆಟ್ಟಿಗೆಯೊಳಗೆ, ಅಂದರೆ ಹಣ ಕೊಟ್ಟ ಮೇಲೆ!

ನಲ್ಲಿಯದು ಬೇರೆಯೇ ಗೋಳು. ಒಂದೇ ಹಿಡಿಯ ನಲ್ಲಿಗೆ ಸಾಮಾನ್ಯವಾಗಿ ಸುಮಾರು 35 ಮಿಲಿಮೀಟರಿನ ಒಂದು ರಂಧ್ರ ಸಾಕು; ಆದರೆ ಕಣ್ಣಿಗೆ ಹಿಡಿಸಿದ ಬೇಸಿನ್ನಿಗೆ ಮೂರು ರಂಧ್ರಗಳಿದ್ದವು, ಅಳತೆಗೆ ಹೊಂದಿದ್ದಕ್ಕೆ ಒಂದೂ ಇರಲಿಲ್ಲ. ತುಂಬಿದ ನೀರು ಹೊರಚೆಲ್ಲದಂತೆ ಮೇಲ್ಭಾಗದಲ್ಲಿ ಕಿಂಡಿಯಿರುವ ಬೇಸಿನ್ನಿಗೆ, ಪಕ್ಕದಲ್ಲಿ ಸೀಳಿರುವ ವೇಸ್ಟ್ ಕಪ್ಲಿಂಗನ್ನೇ (ನೀರು ಹೊರಹೋಗಲು ಬೇಸಿನ್ನಿನ ತಳದ ರಂಧ್ರಕ್ಕೆ ಕೂರಿಸುವ ಕೊಳವೆಯ ತುಂಡು) ಹಾಕಬೇಕು, ಇಲ್ಲವಾದರೆ ಆ ಕಿಂಡಿ ಬರೀ ಅಲಂಕಾರ ಎಂಬುದನ್ನು ಮಾರುವವರು ಹೇಳಲಿಲ್ಲ, ನಾನೇ ಓದಿ ತಿಳಿದುಕೊಂಡೆ.

ಇಷ್ಟೆಲ್ಲ ಆಗಿ ಕೂರಿಸಿದ ಮೇಲೂ, ಎದ್ದುನಿಂತ ಆ ಅಂಚು ಕೌಂಟರಿನ ಮೇಲೆ ಚೆಲ್ಲಿದ ನೀರನ್ನು ಬೇಸಿನ್ನಿನೊಳಕ್ಕೆ ಬಳಿದು ತಳ್ಳಲು ಬಿಡುವುದಿಲ್ಲ. ಸುತ್ತ ಹಚ್ಚಿದ ಸಿಲಿಕೋನ್ ಅಂಟಿನ ಗೆರೆಯಲ್ಲಿ ಆಗಲೇ ಕಪ್ಪು ಬೂಷ್ಟು ಕಾಣಿಸಿಕೊಳ್ಳತೊಡಗಿದೆ.