ಕೆಂಪು ನೆಲದ ಮನೆಗೆ ಕ್ರೀಮ್ ಬಣ್ಣವೇ ಸರಿ

ಗೋಡೆ ಬಣ್ಣದ ಬಗ್ಗೆ ಬರೆದ ನಿಮ್ಮ ಲೇಖನ ಓದಿದೆ; ಹಾಲ್‌ಗೆ ಕ್ರೀಮಾ, ತೆಳು ಬೂದು ಬಣ್ಣವಾ ಅನ್ನುವ ಪ್ರಶ್ನೆಗೆ ನೀವು ಅದರಲ್ಲಿ ಬೂದು ಬಣ್ಣದ ಕಡೆಗೇ ವಾಲಿದ್ದೀರಿ. ರೆಡ್ ಆಕ್ಸೈಡ್ ನೆಲದ ಹಳೇ ಮನೆಗಾದರೆ ನಾನು ಖಂಡಿತ ಒಪ್ಪುವುದಿಲ್ಲ. ಕಿಟಕಿ ಬರೀ ಉತ್ತರಕ್ಕಿದ್ದರೆ ವರ್ಷದ ಬಹುಪಾಲು ನೇರ ಬಿಸಿಲೇ ಬೀಳುವುದಿಲ್ಲ, ಒಳಗೆ ಬರುವ ಬೆಳಕಿನಲ್ಲಿ ನೀಲಿ ಛಾಯೆ ಜಾಸ್ತಿ ಇರುತ್ತದೆ, ಅದರಲ್ಲಿ ಬೂದು ಗೋಡೆ ಮಳೆಗಾಲದ ಸಂಜೆಯಂತೆ ಮಂಕು ಹೊಡೆಯುತ್ತದೆ. ಕ್ರೀಮ್ ಹಾಗಲ್ಲ. ನೆಲದ ಕೆಂಪು ಗೋಡೆಯ ಬುಡಕ್ಕೆ ಪ್ರತಿಫಲಿಸಿದಾಗ ಅದು ಇನ್ನೂ ಬೆಚ್ಚಗೆ ಕಾಣುತ್ತದೆ, ಎಷ್ಟು ಚೆಂದ ಅಲ್ವಾ!

ಬಲ್ಬಿನ ವಿಷಯ ಲೇಖನದಲ್ಲಿ ಬಿಟ್ಟೇಹೋಗಿದೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ: 6500 ಕೆಲ್ವಿನ್‌ನ ಬೆಳ್ಳನೆ ಎಲ್‌ಇಡಿ ಕೆಳಗೆ ಕ್ರೀಮ್ ಕೂಡ ಪೇಲವ, 3000 ಕೆಲ್ವಿನ್ ಹಾಕಿದರೆ ಅದೇ ಗೋಡೆ ಹಳದಿಗೆ ತಿರುಗುತ್ತದೆ. ಅದಕ್ಕೇ ಬಲ್ಬು ಮೊದಲು ತೀರ್ಮಾನ ಮಾಡಿ, ಬಣ್ಣ ಆಮೇಲೆ.

ಶೇಡ್ ಕಾರ್ಡಿನ ಬೆರಳಗಲದ ಚೌಕ ನೋಡಿ ಸುಮ್ನೆ ಡಬ್ಬ ತರಬೇಡಿ. ಎರಡೂ ಬಣ್ಣದ ಚಿಕ್ಕ ಡಬ್ಬ ತಂದು, ದಪ್ಪ ಬಿಳಿ ಹಾಳೆಗೆ ಎರಡು ಕೋಟ್ ಹಚ್ಚಿ, ಸುತ್ತ ಒಂದಿಷ್ಟು ಬಿಳಿ ಅಂಚು ಬಿಡಿ. ಹಳೇ ಗೋಡೆ ಮೇಲೆಯೇ ಬಳಿದರೆ ಪಕ್ಕದ ಹಳೇ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಎಮಲ್ಷನ್ (ನೀರು ಬೆರೆಸಿ ಹಚ್ಚುವ ಗೋಡೆ ಬಣ್ಣ) ಒಣಗಿದ ಮೇಲೆ ಸಾಮಾನ್ಯವಾಗಿ ಸ್ವಲ್ಪ ಗಾಢವಾಗುತ್ತದೆ, ಹಸಿ ಇರುವಾಗ ನೋಡಿ ಲೆಕ್ಕ ಹಾಕಬೇಡಿ. ಒಣಗಿದ ಹಾಳೆಯನ್ನು ಕಿಟಕಿ ಪಕ್ಕ, ಎದುರು ಗೋಡೆ, ಸೋಫಾ ಹಿಂದೆ ಇಟ್ಟು ಬೆಳಗ್ಗೆಯೂ ನೋಡಿ, ರಾತ್ರಿ ದೀಪ ಹಾಕಿಯೂ ನೋಡಿ. ಇಷ್ಟಾದ ಮೇಲೂ ಬೂದುವೇ ಬೇಕೆನಿಸಿದರೆ ಕಂದು ಬೆರೆತ ಬೆಚ್ಚನೆಯ ಬೂದು ತೆಗೆದುಕೊಳ್ಳಿ, ನೀಲಿ ಬೆರೆತದ್ದು ಮಾತ್ರ ಬೇಡ.