ಬರೀ ಕೀ ಉದ್ದ ಇದ್ದರೆ ಸಾಲದು

ಮಾಹಿತಿಯನ್ನು ಗುಟ್ಟಾಗಿಡುವ ಎನ್‌ಕ್ರಿಪ್ಷನ್ ಬಗ್ಗೆ ನಿಮ್ಮ ಲೇಖನದಲ್ಲಿ '256 ಬಿಟ್ ಕೀ ಇದ್ದರೆ ಸಾಧನ ಕಳ್ಳನ ಕೈಗೆ ಸಿಕ್ಕರೂ ಭಯವಿಲ್ಲ' ಅಂತ ಬರೆದಿದ್ದೀರಿ. ಕೀ ಅಂದರೆ ಆ ಗುಟ್ಟನ್ನು ಬಿಚ್ಚುವ ರಹಸ್ಯ ಸಂಖ್ಯೆ, 256 ಬಿಟ್ ಅಂದರೆ 256 ಸೊನ್ನೆ-ಒಂದುಗಳಷ್ಟು ಉದ್ದದ್ದು. ಈ ಮಾತು ಮಾತ್ರ ನಾನು ಒಪ್ಪುವುದಿಲ್ಲ. ಅಷ್ಟು ದೊಡ್ಡ ಕೀಯನ್ನು ಊಹಿಸಿ ಹುಡುಕೋದು ಆಗದ ಕೆಲಸ, ನಿಜ. ಆದರೆ ಚಿಪ್ಪೇ ಕೈಯಲ್ಲಿದ್ದವನು ಊಹಿಸುತ್ತಾ ಯಾಕೆ ಕೂರುತ್ತಾನೆ? ಎನ್‌ಕ್ರಿಪ್ಷನ್ ತಜ್ಞ ಪಾಲ್ ಕಾಚರ್ ಮತ್ತು ಜೊತೆಗಾರರು 1999ರಲ್ಲೇ ತೋರಿಸಿದ್ದಾರಲ್ಲ, ಲೆಕ್ಕ ಮಾಡುವಾಗ ಚಿಪ್ ಎಳೆಯುವ ಕರೆಂಟ್ ಒಂದೊಂದು ಹೆಜ್ಜೆಗೂ ಚೂರು ಬದಲಾಗುತ್ತದೆ, ಆ ಏರಿಳಿತವನ್ನು ಮತ್ತೆ ಮತ್ತೆ ಅಳೆದು ಹೋಲಿಸಿದರೆ ಕೀ ತುಂಡು ತುಂಡಾಗಿ ಹೊರಗೆ ಬರುತ್ತದೆ. ಕೀ ಎಷ್ಟೇ ಉದ್ದ ಇರಲಿ, ಅದಕ್ಕೆ ತಡೆಯಿಲ್ಲ.

ಹಾಗಾಗಿ ಸಾಧನದ ಒಳಗೇ ಕಾವಲು ಬೇಕು. ನಾನು ರಿಪೇರಿ ಕೆಲಸ ಮಾಡುವವನು, ಅದನ್ನು ಕಣ್ಣಾರೆ ಕಂಡಿದ್ದೇನೆ. ಒಮ್ಮೆ ಹಳೆಯ ಕಾರ್ಡ್ ಸ್ವೈಪ್ ಮಷೀನ್ ಬಿಚ್ಚಿದೆ. ಎರಡು ಸ್ಕ್ರೂ ತೆಗೆದು ಮುಚ್ಚಳ ಸ್ವಲ್ಪ ಎತ್ತಿದ್ದೇ ತಡ, ಪರದೆ ಮೇಲೆ 'ಟ್ಯಾಂಪರ್' (ಅಂದರೆ ಯಾರೋ ಒಳಗೆ ಕೈ ಹಾಕಿದ್ದಾರೆ) ಅಂತ ಬಂತು, ಅಲ್ಲಿಗೆ ಮಷೀನ್ ಸತ್ತಂತೆ. ಒಳಗೆ ನೋಡಿದರೆ ಕೂದಲಿನಷ್ಟು ಸಣ್ಣ ತಾಮ್ರದ ಗೆರೆಗಳು ಹಾವಿನ ಹಾಗೆ ಸುತ್ತಿಕೊಂಡು ಹೋಗಿದ್ದವು, ಪಕ್ಕದಲ್ಲೊಂದು ಪುಟ್ಟ ಬ್ಯಾಟರಿ. ಗೆರೆ ತುಂಡಾದರೂ, ಮುಚ್ಚಳ ಎದ್ದರೂ ಮೆಮೊರಿಯಲ್ಲಿರುವ ಕೀ ಅಳಿಸಿಹೋಗುತ್ತದೆ. ಇಷ್ಟಕ್ಕೇ ಮುಗಿಯಲ್ಲ. ಮೆಮೊರಿಯನ್ನು ಚೆನ್ನಾಗಿ ತಣ್ಣಗೆ ಮಾಡಿದರೆ ಕರೆಂಟ್ ಹೋದ ಮೇಲೂ ಮಾಹಿತಿ ಸ್ವಲ್ಪ ಹೊತ್ತು ಉಳಿಯುತ್ತದೆ. ಅದಕ್ಕೇ ಒಳ್ಳೆಯ ಸಾಧನಗಳಲ್ಲಿ ಚಳಿ ಅಳೆಯುವ ಸೆನ್ಸರ್ ಕೂಡ ಇರುತ್ತದೆ. ಎಷ್ಟು ದೂರ ಯೋಚನೆ ಮಾಡಿದ್ದಾರೆ ನೋಡಿ! ಇಷ್ಟೆಲ್ಲ ಶ್ರಮವನ್ನು ಬಿಟ್ಟು ಸುಮ್ನೆ ಬಿಟ್ ಲೆಕ್ಕ ಹೇಳಿದ್ದು ಬೇಜಾರಾಯಿತು. ಮುಂದಿನ ಭಾಗದಲ್ಲಿ ದಯವಿಟ್ಟು ಇದನ್ನೂ ಬರೆಯಿರಿ.